ಟಿಂಕರ್ ಅಂಗಿ ಮ್ಯಾಲಿನ ಧೂಳು

ಕಾರಿಗೆ ಗುದ್ದು ಬಿದ್ರ ರಿಪೇರಿಗೆ ರೊಕ್ಕ ಎಷ್ಟಾಗ್ತೈತಿ ಅಂತ ಎಲ್ಲಾರೂ ಕೇಳ್ತಾರ. ಅದನ್ನ ನೆಟ್ಟಗ ಮಾಡೋ ಟಿಂಕರ್‌ನ ಅಂಗಿ ಯಾರು ಒಗೀತಾರ ಅಂತ ಯಾರೂ ಕೇಳಂಗಿಲ್ಲ. ನಮ್ಮ ಮನ್ಯಾಗ ಮೊದಲ ನಮ್ಮತ್ತಿ ಒಗದ್ರು, ಆಮ್ಯಾಲ ನಾ. ಮಾವನೋರು ಟಿಂಕರ್, ನಮ್ಮ ಮನಿಯವರೂ ಟಿಂಕರ್. ಈಗ ಮಗ ಕಾರಿಗೆ ಬಣ್ಣ ಹೊಡೆಯೋ ಕೆಲಸಕ್ಕ ಹೊಂಟಾನ. ಹಿಂಗಾಗಿ ಈ ಕಸುಬಿನ ಚರಿತ್ರಿ ನನಗ ಕಾಣೋದು ಒಗೆಯೋ ಕಲ್ಲಿನ ಕಡಿಯಿಂದ.

ಮೋಟರು ಹೊಸದಾಗಿ ಬಂದ ಕಾಲಕ್ಕ ಅದರ ಮೈ ಅಂದ್ರ ಕುದ್ರಿ ಗಾಡಿ ಮೈ ಇದ್ದಂಗ: ಒಳಗ ಕಟಿಗಿ ಚೌಕಟ್ಟು, ಮ್ಯಾಲ ತಗಡು. ಮುರದ್ರ ಬಡಿಗ್ಯಾರು, ಕಮ್ಮಾರರು ಬೇಕಾಗ್ತಿದ್ರು. 1914ರಾಗ ಅಮೆರಿಕಾದ ಡಾಜ್ ಕಾರಿಗೆ ಎಡ್ವರ್ಡ್ ಬಡ್ ಅನ್ನೋರ ಕಂಪನಿ ಉಕ್ಕಿನ ಮೈ ಮಾಡಿಕೊಡ್ತು. ಅಲ್ಲಿಂದ ಕಟಿಗಿ ಮೆಲ್ಲಕ ಹಿಂದ ಸರೀತು, ತಗಡು ಬಡಿಯೋರ ಕಾಲ ಬಂತು. ಬಣ್ಣದ್ದೂ ಹಂಗ. ಮೊದಲ ಕುಂಚದಿಂದ ಬಳದು ವಾರಗಟ್ಟಲೆ ಒಣಗಸ್ತಿದ್ರು. 1920ರ ದಶಕದಾಗ ಡ್ಯುಪಾಂಟ್ ಕಂಪನಿಯ ಡ್ಯೂಕೊ ಬಂತು. ಗನ್ನಿಂದ ಹೊಡದ್ರ ತಾಸುಗಳೊಳಗ ಒಣಗೋ ಬಣ್ಣ. ಕುಂಚದ ಬಣ್ಣ ಕೈಗಿ ಹತ್ತತಿತ್ತು. ಗನ್ನಿನ ಬಣ್ಣ ಎದಿಯೊಳಗ ಇಳಿಯಾಕ ಹತ್ತಿತು.

ಮಾವನೋರ ಕಾಲದ ಕಾರು ಅಂದ್ರ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿ, ಬಂಗಾಳದ ಉತ್ತರಪಾರಾದಾಗ ತಯಾರಾಗ್ತಿತ್ತು, 2014ರಾಗ ನಿಂತು ಹೋತು. ದಪ್ಪ ತಗಡು. ಬಿಡಿಭಾಗ ಬದಲಿ ಹಾಕೋದಕ್ಕಿಂತ ಬಡದು ನೆಟ್ಟಗ ಮಾಡೋದ ರೂಢಿ. ತಗಡಿನ ಹಿಂದ ಡಾಲಿ ಅನ್ನೋ ಕಬ್ಬಿಣದ ಗಟ್ಟಿ ಹಿಡದು, ಮುಂದಿಂದ ಸುತ್ತಿಗಿಲೆ ಸಣ್ಣಗ ಬಡೀತಿದ್ರು. ಕಣ್ಣು ಮುಚ್ಚಿ ಅಂಗೈ ಆಡಿಸಿದ್ರ ಎಲ್ಲಿ ತಗ್ಗು, ಎಲ್ಲಿ ಉಬ್ಬು ಅಂತ ಅವರಿಗೆ ಗೊತ್ತಾಗ್ತಿತ್ತು.

ಬಡದ ಮ್ಯಾಲೂ ಉಳದ ತಗ್ಗಿಗೆ ಹಳೇ ಪದ್ಧತಿಯೊಳಗ ಸೀಸ, ತವರ ಕೂಡಿಸಿ ಕರಗಿಸಿ ತುಂಬಿ, ಅರದಿಂದ ತಿಕ್ಕತಿದ್ರು. ಆ ಪುಡಿ ಅಂಗಿ ಮ್ಯಾಲ ಮನಿಗೆ ಬರ್ತಿತ್ತು. ನಮ್ಮತ್ತಿ ಬಾಗಿಲದಾಗ ನಿಂತು ಅಂಗಿ ಜಾಡಿಸ್ತಿದ್ರು, ಕೂಸುಗಳು ಅಲ್ಲೇ ಆಡ್ತಿದ್ವು. ಸೀಸದ ಧೂಳು ಕೂಸುಗಳ ಮೆದುಳಿಗೆ ಕೇಡು ಅಂತ ಆಗ ಅವರಿಗೆ ಹೇಳಿದವರು ಯಾರವ್ವ?

1950ರ ದಶಕದಾಗ ಅಮೆರಿಕಾದಾಗ ಪಾಲಿಯೆಸ್ಟರ್ ಪುಟ್ಟಿ ಬಂತು. ಮುಂದ ನಮ್ಮ ಗ್ಯಾರೇಜುಗಳಿಗೂ ಮುಟ್ಟಿತು. ಸೀಸ ತಪ್ಪಿತು, ಧೂಳು ತಪ್ಪಲಿಲ್ಲ. 1983ರ ಡಿಸೆಂಬರ್‌ದಾಗ ಮಾರುತಿ 800 ಬಂದ ಮ್ಯಾಲ ತಗಡು ತೆಳ್ಳಗ ಆತು, ಬಿಡಿಭಾಗ ಸಿಗಾಕ ಹತ್ತಿದ್ವು. ಈಗ ಬಂಪರ್ ಅಂತೂ ಪ್ಲಾಸ್ಟಿಕ್, ಒಡದ್ರ ಬಿಚ್ಚಿ ಹೊಸದು ಹಾಕೋದ. ಮಾವನೋರ ಅಂಗೈಯ ವಿದ್ಯಾ ನಮ್ಮ ಮನಿಯವರಿಗೆ ಅರ್ಧ ಬಂತು, ಮಗನಿಗೆ ಬರಲೇ ಇಲ್ಲ.

ಅವನ ಪಾಲಿಗೆ ಬಂದದ್ದು ಎರಡು ಡಬ್ಬಿ ಕೂಡಿಸಿ ಹೊಡೆಯೋ ಬಣ್ಣ. ಅದರ ಗಟ್ಟಿ ಮಾಡೋ ಡಬ್ಬಿಯೊಳಗ ಐಸೊಸೈಯನೇಟ್ ಅನ್ನೋ ರಾಸಾಯನಿಕ ಐತಿ. ಉಸಿರಿನೊಳಗ ಹೋದ್ರ ದಮ್ಮು ಹತ್ತತೈತಿ. ಒಮ್ಮೆ ಹತ್ತಿತಂದ್ರ ಆಮ್ಯಾಲ ಸ್ವಲ್ಪ ತಾಕಿದ್ರೂ ಏಳತೈತಿ. ಮೂಗಿಗೆ ಕಟ್ಟಿದ ಅರಿವಿ ಅದನ್ನ ತಡಿಯಂಗಿಲ್ಲ. ಪೈಪಿನಿಂದ ಶುದ್ಧ ಗಾಳಿ ಬರೋ ಮುಖವಾಡನ ಬೇಕು. ಹೊಡದು ಮುಗಿದ ಮ್ಯಾಲೂ ಕಣ್ಣಿಗೆ ಕಾಣದ ಮಂಜು ಸ್ವಲ್ಪ ಹೊತ್ತು ಗಾಳ್ಯಾಗ ಇರ್ತೈತಿ, ಲಗೂನ ಮುಖವಾಡ ತಗೀಬಾರದು.

ಮಗ ಸೇರಬೇಕಂತಿರೋ ಗ್ಯಾರೇಜಿನ ಮಾಲಕರು, "ಅಂಥಾದ್ದೆಲ್ಲ ನಮ್ಮಲ್ಲಿಲ್ಲ, ಕರವಸ್ತ್ರ ಕಟ್ಟಿಕೊಳ್ಳಲಿ ಬಿಡ್ರಿ" ಅಂದ್ರು. ಮಗನಿಗೆ ಅವಸರ, ಪಗಾರ ಚಲೋ ಐತಿ. ನಮ್ಮ ಮನಿಯವರು ಸುಮ್ಮನ ಕುಂತಾರ. ಮುಖವಾಡ ಬರೋತನಕ ಗನ್ ಹಿಡಿಯೋದು ಬ್ಯಾಡ ಅಂತ ನಾ ಹೇಳೀನಿ. ಈ ವಾರ ಮನ್ಯಾಗ ಅದ ಜಗಳ ನಡದೈತಿ.

ವೈನಿ, ಅಕ್ಕಾರ, ನಿಮ್ಮ ಮನ್ಯಾಗೂ ಈ ಕೆಲಸದ ಹುಡುಗರು ಇದ್ರ ಅಂಗಿ ಗ್ಯಾರೇಜಿನ್ಯಾಗ ಬದಲಿ ಮಾಡಿ ಬರಾಕ ಹೇಳ್ರಿ. ಮನ್ಯಾಗ ಜಾಡಸಬ್ಯಾಡ್ರಿ, ನೀರಾಗ ನೆನಸಿ ಬ್ಯಾರೆ ಒಗೀರಿ. ಮತ್ತ ಪಗಾರ ಕೇಳೋ ಮೊದಲ ಮುಖವಾಡ ಯಾವುದು ಕೊಡ್ತೀರಿ ಅಂತ ಕೇಳಾಕ ಕಲಿಸ್ರಿ.