ಮುಳುಗಿದರೆ ಯಾರ ಹಣ?

ಕೆನ್ಯಾದಲ್ಲಿ ‘ಚಮಾ’ ಎಂಬುದೊಂದಿದೆ. ಸ್ವಾಹಿಲಿಯಲ್ಲಿ ಕೂಟ, ಗುಂಪು ಎಂದು ಅದರ ಅರ್ಥ. ಪರಿಚಿತರು ಸೇರಿ ತಿಂಗಳಿಗಿಷ್ಟು ಎಂದು ಹಾಕಿ, ಸರದಿಯಂತೆ ಒಬ್ಬೊಬ್ಬರಿಗೆ ಕೊಡುವ ಏರ್ಪಾಟು. ಇಂಥ ಎಷ್ಟೋ ಚಮಾಗಳು ಮುಂದೆ ಹೂಡಿಕೆಯ ಕೂಟಗಳಾಗಿ ಜಮೀನು, ಷೇರು ಕೊಂಡವು. 2012ರಲ್ಲಿ ನೈಜೀರಿಯಾದಲ್ಲಿ ಹುಟ್ಟಿದ ಲಾಗೋಸ್ ಏಂಜೆಲ್ ನೆಟ್‌ವರ್ಕ್‌ನಂಥ ಕೂಟಗಳು ಆಗಷ್ಟೇ ಕಣ್ಣು ಬಿಡುತ್ತಿರುವ ಸ್ಟಾರ್ಟಪ್‌ಗಳಿಗೆ ಹಣ ಹಾಕುತ್ತವೆ. ಹೀಗೆ ಮೊದಲ ಹಣ ಹಾಕುವವರನ್ನು ‘ಏಂಜೆಲ್’ ಎನ್ನುವ ರೂಢಿ ಬಂದದ್ದು ನ್ಯೂಯಾರ್ಕಿನ ರಂಗಭೂಮಿಯಿಂದ. ನಾಟಕಕ್ಕೆ ಬಂಡವಾಳ ಹೂಡುತ್ತಿದ್ದವರಿಗೆ ಅಲ್ಲಿ ಆ ಹೆಸರಿತ್ತು. ನಾಟಕ ಬಿದ್ದರೆ ಅವರ ಹಣವೂ ಹೋಗುತ್ತಿತ್ತು.

ಈ ಕೊನೆಯ ಮಾತೇ ಮುಖ್ಯ. ಹೊಸ ಕೆಲಸ ಮುಳುಗಿದರೆ ಮುಳುಗುವುದು ಯಾರ ಹಣ? ನಂದಿ ಬೆಟ್ಟದ ಸುತ್ತಲಿನ ಊರುಗಳಿಂದಲೇ ಈ ಪ್ರಶ್ನೆಯ ಚರಿತ್ರೆಯನ್ನು ಹಿಡಿದು ನೋಡಬಹುದು.

ಚಿಂತಾಮಣಿ, ಶಿಡ್ಲಘಟ್ಟದವರಿಗೆ ಚಮಾ ಹೊಸದಲ್ಲ; ಅದು ನಮ್ಮ ಚೀಟಿ. ಇಪ್ಪತ್ತು ಜನ ತಿಂಗಳಿಗೆ 5,000 ರೂಪಾಯಿ ಹಾಕಿದರೆ ಒಂದು ಲಕ್ಷ. ತುರ್ತಿದ್ದವರು 80,000ಕ್ಕೆ ಕೂಗಿ ಚೀಟಿ ಎತ್ತುತ್ತಾರೆ. ಬಿಟ್ಟ 20,000ದಲ್ಲಿ ಚೀಟಿ ನಡೆಸುವವರ ಕಮಿಷನ್ ಕಳೆದು ಮಿಕ್ಕದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಎತ್ತಿದ ಹಣದಲ್ಲಿ ಹಸು ಕೊಂಡರೋ, ಬೋರ್‌ವೆಲ್ ಕೊರೆಸಿದರೋ, ರೇಷ್ಮೆ ನೂಲು ತೆಗೆಯುವ ಯಂತ್ರ ಹಾಕಿದರೋ, ಕೂಟಕ್ಕೆ ಸಂಬಂಧವಿಲ್ಲ. ನೀರು ಬೀಳದಿದ್ದರೂ ಮುಂದಿನ ಕಂತು ಕಟ್ಟಲೇಬೇಕು. ಚೀಟಿಯಲ್ಲಿ ಹಣ ಹಲವರದು, ನಷ್ಟ ಮಾತ್ರ ಎತ್ತಿದವರದು.

1904ರ ಸಹಕಾರ ಕಾಯ್ದೆ ಇನ್ನೊಂದು ತುದಿಗೆ ಹೋಯಿತು. ಅದರಡಿ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಹೊಣೆ ಸಾಮಾನ್ಯವಾಗಿ ಅಪರಿಮಿತ. ಸಂಘ ಸಾಲ ತೀರಿಸಲಾಗದಿದ್ದರೆ ಸದಸ್ಯರ ಸ್ವಂತ ಆಸ್ತಿಗೂ ಕೈ ಬೀಳಬಹುದಿತ್ತು. ಒಬ್ಬರ ಸೋಲು ಎಲ್ಲರ ತಲೆಗೆ. ಇಂಥ ಹೊಣೆಯನ್ನು ಗುರುತಿಲ್ಲದವರಿಗಾಗಿ ಯಾರು ಹೊರುತ್ತಾರೆ?

ನಡುವಿನ ದಾರಿ ಷೇರು. ಹೋದರೆ ಹಾಕಿದಷ್ಟೇ ಹೋಗುತ್ತದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಜೊತೆಗಾರರು 5,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ್ದು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1913ರಲ್ಲಿ, ನಂದಿಯ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಬ್ಯಾಂಕ್ ಬಂತು. ಆದರೆ ಬ್ಯಾಂಕು ಕೊಡುವುದು ಠೇವಣಿದಾರರ ಹಣ. ಅದಕ್ಕೆ ಅಡಮಾನ ಬೇಕು, ಕಂತು ಬೇಕು. ಕೈಯಲ್ಲಿ ಯೋಚನೆಯೊಂದೇ ಇರುವವರು ಎಲ್ಲಿಗೆ ಹೋಗಬೇಕು?

1946ರಲ್ಲಿ ಶಿಡ್ಲಘಟ್ಟದಲ್ಲಿ ಹುಟ್ಟಿದ ನಾರಾಯಣಮೂರ್ತಿಯವರು 1981ರಲ್ಲಿ ಆರು ಜನ ಜೊತೆಗಾರರೊಂದಿಗೆ ಇನ್ಫೋಸಿಸ್ ಆರಂಭಿಸಿದಾಗ ಮೊದಲ 10,000 ರೂಪಾಯಿ ಬಂದದ್ದು ಮನೆಯಿಂದಲೇ, ಸುಧಾ ಮೂರ್ತಿಯವರ ಉಳಿತಾಯದಿಂದ. ಹನ್ನೆರಡು ವರ್ಷ ಕಳೆದು 1993ರಲ್ಲಿ ಕಂಪನಿ 95 ರೂಪಾಯಿಗೆ ಷೇರು ಬಿಟ್ಟಾಗಲೂ ಜನ ಪೂರ್ತಿ ಕೊಳ್ಳಲಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಕೊಂಡಿತು. ಇಂದು ಆ ಷೇರಿನ ಬೆಲೆ ಹೇಳಿ ಹೊಟ್ಟೆ ಉರಿಸಿಕೊಳ್ಳುವವರಿದ್ದಾರೆ. ಅಂದು ಹಿಂಜರಿದವರದು ತಪ್ಪೆನ್ನಲಾಗದು. ಅದೇ ಕಾಲದ ಎಷ್ಟೋ ಕಂಪನಿಗಳ ಹೆಸರೂ ಈಗ ಉಳಿದಿಲ್ಲ.

2013ರಲ್ಲಿ ಸೆಬಿ ಏಂಜೆಲ್ ನಿಧಿಗಳಿಗೆ ನಿಯಮ ಮಾಡಿದಾಗ ಒಬ್ಬ ಹೂಡಿಕೆದಾರರಿಂದ ಕನಿಷ್ಠ 25 ಲಕ್ಷ ರೂಪಾಯಿ ಬರಬೇಕೆಂದಿತು. ನಷ್ಟ ತಡೆದುಕೊಳ್ಳಬಲ್ಲವರೇ ಬರಲಿ ಎಂಬುದು ಅದರ ನ್ಯಾಯ. ಅದರ ಫಲವೂ ಕಣ್ಣೆದುರಿಗಿದೆ. ಒಂದು ಕಡೆ 5,000ದ ಚೀಟಿ, ಇನ್ನೊಂದು ಕಡೆ ಉಳ್ಳವರ ನಿಧಿ. ಗೌರಿಬಿದನೂರಿನ ಹುಡುಗಿಯೊಬ್ಬಳು ಹೊಸದೇನೋ ಮಾಡಹೊರಟರೆ ಆಕೆಗೆ ಹತ್ತಿರವಿರುವುದು ಚೀಟಿಯೇ. ಸೋತರೆ ಕಂತು ಕಟ್ಟುವವಳು ಆಕೆಯೇ. ಹಣ ಕೂಡಿಸುವುದು ನಮ್ಮ ಊರುಗಳಿಗೆ ಹಳೆಯ ವಿದ್ಯೆ. ಸೋಲಿನಲ್ಲಿ ಅಳತೆಯಿಟ್ಟು ಪಾಲು ಪಡೆಯುವ ವಿದ್ಯೆ ಇನ್ನೂ ಬೆಟ್ಟದ ಆಚೆ, ಬೆಂಗಳೂರಿನಲ್ಲೇ ನಿಂತಿದೆ.