ರೆಮ್ಯುಯೆರಾದ ಗ್ಯಾರೇಜಿನಿಂದ ಹೈಬ್ರಿಡ್ ಎಂಜಿನ್ನಿನವರೆಗೆ: ಒಂದು ಖರ್ಚಿನ ಚರಿತ್ರೆ

ಹೋದ ವರ್ಷ ನ್ಯೂ ಲಿನ್‌ನಲ್ಲಿ ನಮ್ಮ ಪಕ್ಕದ ಬೀದಿಯ ಕನ್ನಡದ ಹುಡುಗನೊಬ್ಬ ಕೇಳಿದ: "ಅಂಕಲ್, ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಜೊತೆಗೆ ಮೋಟಾರು, ಬ್ಯಾಟರಿ ಹಾಕಿ ನಾವೇ ಹೈಬ್ರಿಡ್ ಮಾಡಿದರೆ ಎಷ್ಟಾಗಬಹುದು?" ಮೂರು ವರ್ಷದ ಉಳಿತಾಯವೆಲ್ಲ ಇದಕ್ಕೇ ಹೋದೀತೆಂದು ಅವನ ತಾಯಿಗೆ ಆತಂಕ. ಉತ್ತರ ಹುಡುಕುತ್ತ ಹೋದವನು ಈ ಊರಿನ ಚರಿತ್ರೆಗೇ ಬಂದು ನಿಂತೆ.

ನ್ಯೂ ಲಿನ್ ಜೇಡಿಮಣ್ಣಿನ ಊರು. ಇಲ್ಲಿನ ಇಟ್ಟಿಗೆ ಉದ್ಯಮದಿಂದ ಬೆಳೆದ ಕ್ರೌನ್ ಲಿನ್ ಕಾರ್ಖಾನೆಯ ಕಪ್ಪು-ಬಸಿಗಳು ದೇಶದ ಮನೆಮನೆಯಲ್ಲೂ ಇದ್ದವು. ಕಾರ್ಖಾನೆ ಮುಚ್ಚಿದ್ದು 1989ರಲ್ಲಿ. ಅದನ್ನು ಕಟ್ಟಿದ ಟಾಮ್ ಕ್ಲಾರ್ಕ್ 1950ರ ದಶಕದಲ್ಲಿ ಕಾರ್ ರೇಸಿಗೂ ಇಳಿದಿದ್ದರು. ಅವರಿಗೆ ಎರಡೂ ಲೆಕ್ಕ ಗೊತ್ತಿರಬೇಕು. ಒಂದೇ ಕಪ್ಪಿಗಾಗಿ ಅಚ್ಚು ಮಾಡಿಸಿದರೆ ಆ ಕಪ್ಪಿನ ಬೆಲೆ ಅಚ್ಚಿನ ಬೆಲೆಯೇ. ಸಾವಿರಾರು ಕಪ್ಪು ತೆಗೆದರೆ ಅಚ್ಚಿನ ಖರ್ಚು ಲೆಕ್ಕಕ್ಕೇ ಬಾರದು. ಎಂಜಿನ್ನಿಗೂ ಇದೇ ಮಾತು.

ಅದೇ ಕಾಲದಲ್ಲಿ ಆಕ್ಲೆಂಡಿನ ರೆಮ್ಯುಯೆರಾದಲ್ಲಿ ಲೆಸ್ ಮೆಕ್‌ಲಾರೆನ್ ಪೆಟ್ರೋಲ್ ಬಂಕು, ಗ್ಯಾರೇಜು ನಡೆಸುತ್ತಿದ್ದರು. ಅವರು ರಿಪೇರಿ ಮಾಡಿ ನಿಲ್ಲಿಸಿದ 747 ಸಿಸಿಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರಿನಲ್ಲಿ ಮಗ ಬ್ರೂಸ್ 1952ರಲ್ಲಿ ಮುರಿವಾಯಿಯ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದ. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಆಸ್ಟಿನ್ ಸೆವೆನ್ ಕುಟುಂಬದ ಎಂಜಿನ್ ಅದು. ಅಪ್ಪ-ಮಗ ಹಾಕಿದ್ದು ಮುಖ್ಯವಾಗಿ ದುಡಿಮೆ. ಅಚ್ಚಿನ ಖರ್ಚು ಬೇರೆ ಯಾರೋ ಕೊಟ್ಟಾಗಿತ್ತು.

ಅಚ್ಚಿನ ಖರ್ಚು ಬ್ರೂಸ್‌ಗೆ ತಟ್ಟಿದ್ದು 1966ರಲ್ಲಿ. ತನ್ನದೇ ಹೆಸರಿನ ಫಾರ್ಮುಲಾ ಒನ್ ಕಾರಿಗೆ 3 ಲೀಟರ್ ಎಂಜಿನ್ ಬೇಕಿತ್ತು. ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನ 4.2 ಲೀಟರ್ ಫೋರ್ಡ್ ವಿ8 ತಂದು 3 ಲೀಟರಿಗೆ ಇಳಿಸಿದರು. ಸದ್ದು ಬೇಕಾದಷ್ಟು, ತೂಕವೂ ಹೆಚ್ಚು, ಶಕ್ತಿ ಮಾತ್ರ ಸಾಲದು. ನಡುವೆ ಸೆರೆನಿಸ್ಸಿಮಾ ಎಂಬ ಇಟಲಿಯ ಎಂಜಿನ್ ಹಾಕಿ ಬ್ರಿಟನ್ನಿನ ರೇಸಿನಲ್ಲಿ ತಂಡದ ಮೊದಲ ಅಂಕ ಗಳಿಸಿದರು. ಅಷ್ಟರಲ್ಲಿ ಕಾಸ್ವರ್ತ್ ಕಂಪನಿ ಫೋರ್ಡ್ ಕೊಟ್ಟ 1,00,000 ಪೌಂಡಿನಲ್ಲಿ ಎರಡು ಎಂಜಿನ್‌ಗಳನ್ನು ರೂಪಿಸಿತು. ಅವುಗಳಲ್ಲಿ ಡಿಎಫ್‌ವಿ ಸುಮಾರು 400 ಅಶ್ವಶಕ್ತಿಯದು. 1968ರಿಂದ ಬೇರೆ ತಂಡಗಳಿಗೂ ಒಂದಕ್ಕೆ 7,500 ಪೌಂಡಿನಂತೆ ಸಿಕ್ಕಿತು. ಅದೇ ವರ್ಷ ಬೆಲ್ಜಿಯಂನಲ್ಲಿ ಬ್ರೂಸ್ ತನ್ನ ಹೆಸರಿನ ಕಾರಿನಲ್ಲೇ ಗೆದ್ದರು.

ಹೈಬ್ರಿಡ್ ಬಂದ ಮೇಲೆ ಅಚ್ಚು ಒಂದಲ್ಲ, ನಾಲ್ಕೈದು. ಟರ್ಬೊ ಎಂಜಿನ್ ಹೊಗೆಯ ಒತ್ತಡ ಏರುವ ತನಕ ತಡೆಯುತ್ತದೆ. ಮೋಟಾರು ಕಾಲಿಟ್ಟ ಕ್ಷಣವೇ ಎಳೆಯುತ್ತದೆ. ಎರಡನ್ನೂ ಹೊಂದಿಸಲು ಇನ್ವರ್ಟರ್, ರಭಸದಿಂದ ವಿದ್ಯುತ್ ಕೊಡಬಲ್ಲ ಬ್ಯಾಟರಿ, ಅದನ್ನು ತಣ್ಣಗಿಡುವ ಏರ್ಪಾಡು, ಯಾರ ಪಾಲು ಎಷ್ಟೆಂದು ಕ್ಷಣಕ್ಷಣಕ್ಕೂ ಹಂಚುವ ತಂತ್ರಾಂಶ ಬೇಕು. ನನ್ನ ಮಟ್ಟಿಗೆ ಕಷ್ಟದ ಭಾಗ ಈ ಕೊನೆಯದೇ. ಅದು ಸ್ಪ್ಯಾನರಿಗೆ ಸಿಗುವುದಿಲ್ಲ. 2009ರ ಹಂಗೇರಿ ರೇಸಿನಲ್ಲಿ 60 ಕಿಲೋವ್ಯಾಟಿನ ಇಂಥ ಸಾಧನವಿದ್ದ ಮೆಕ್‌ಲಾರೆನ್ ಗೆದ್ದಿತು. ಮರುವರ್ಷ ತಂಡಗಳು ತಾವೇ ಒಪ್ಪಿಕೊಂಡು ಅದನ್ನು ಕೈಬಿಟ್ಟವು; ಖರ್ಚು ಅದಕ್ಕೊಂದು ಮುಖ್ಯ ಕಾರಣ.

2013ರ ಮೆಕ್‌ಲಾರೆನ್ ಪಿ1 ರಸ್ತೆಯ ಕಾರು: 727 ಅಶ್ವಶಕ್ತಿಯ ಎಂಜಿನ್, 176ರ ಮೋಟಾರು, ಒಟ್ಟು 903. ಮಾರಿದ್ದು 375, ಬೆಲೆ 8,66,000 ಪೌಂಡು. ನಮ್ಮ ದಕ್ಷಿಣ ದ್ವೀಪದಲ್ಲಿ ಡೇವಿಡ್ ಡಿಕರ್ ಕಟ್ಟಿದ ರೊಡಿನ್ ಕಂಪನಿಯ ಎಫ್‌ಜೀರೊ ಇನ್ನೂ ಮುಂದೆ ಹೋಯಿತು. ಅದರ 4 ಲೀಟರ್ ವಿ10 ಎಂಜಿನ್ನನ್ನು ಇಂಗ್ಲೆಂಡಿನ ನೀಲ್ ಬ್ರೌನ್ ಎಂಜಿನಿಯರಿಂಗ್ ಜೊತೆ ಸೇರಿ ಹೊಸದಾಗಿಯೇ ರೂಪಿಸಿದರು. ಮೋಟಾರೂ ಸೇರಿ ಸುಮಾರು 1,160 ಅಶ್ವಶಕ್ತಿ. ಯೋಜನೆ ಇದ್ದದ್ದು 27 ಕಾರುಗಳಿಗೆ, ಪ್ರಕಟಿಸಿದ ಬೆಲೆ 18 ಲಕ್ಷ ಪೌಂಡು. ಸಂಖ್ಯೆ ಇಳಿದಂತೆ ಬೆಲೆ ಏರಿದ್ದನ್ನು ನೋಡಿ. ಇತ್ತ 1997ರಲ್ಲಿ ಶುರುವಾದ ಟೊಯೋಟಾ ಪ್ರಿಯಸ್ ಲಕ್ಷಗಟ್ಟಲೆ ತಯಾರಾದ್ದರಿಂದಲೇ ಜಪಾನಿನ ಸೆಕೆಂಡ್ ಹ್ಯಾಂಡ್ ಹೈಬ್ರಿಡ್‌ಗಳು ನಮ್ಮ ಬೀದಿಗಳಲ್ಲಿ ತುಂಬಿವೆ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಹೊಸ ಎಂಜಿನ್ ಬೇಡ, ಅಪಘಾತವಾದ ಹೈಬ್ರಿಡ್ಡಿನ ಮೋಟಾರು, ಬ್ಯಾಟರಿ, ನಿಯಂತ್ರಕ ಒಟ್ಟಾಗಿ ಸಿಕ್ಕರೆ ನೋಡು ಎಂದೆ. ಇಷ್ಟು ಬದಲಾದ ಕಾರು ಇಲ್ಲಿ ರಸ್ತೆಗೆ ಇಳಿಯಬೇಕಾದರೆ ಲೋ ವಾಲ್ಯೂಮ್ ವೆಹಿಕಲ್ ಪ್ರಮಾಣಪತ್ರವೂ ಬೇಕು. ಅವನು ಆಸೆ ಬಿಟ್ಟಿಲ್ಲ. ಮೊದಲು ಪ್ರಮಾಣಪತ್ರ ಕೊಡುವವರನ್ನು ಕಂಡು ಬರುತ್ತೇನೆ, ಆಮೇಲೆ ಅಮ್ಮನಿಗೆ ಹೇಳಿ ಅಂಕಲ್ ಎಂದ.