ಒಂದೇ ದಾರಿಯ ಎರಡು ಚೀಲ

1889ರಲ್ಲಿ ಮೈಸೂರು ಸಂಸ್ಥಾನದ ಅಂಚೆ ಬ್ರಿಟಿಷ್ ಇಂಡಿಯಾದ ಪೋಸ್ಟಿನಲ್ಲಿ ಸೇರಿಹೋಯಿತು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದೋ ಎರಡೋ ಸಾಲು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲವೆಂದರೆ ರೈಲು ದಾರಿ, ಕೋಲಾರದ ಚಿನ್ನದ ಗಣಿ, ಶಿವನಸಮುದ್ರದ ವಿದ್ಯುತ್ತು. ಇಂಥ ದೊಡ್ಡ ಸಂಗತಿಗಳ ನಡುವೆ ಟಪಾಲಿನ ವಿಲೀನ ಯಾರ ಕಣ್ಣಿಗೆ ಬೀಳಬೇಕು?

ನನಗೆ ಆ ಸಾಲು ನೆನಪಾದದ್ದು ವೇಮಗಲ್ಲಿನಲ್ಲಿ ಪಾರ್ಸೆಲ್ ಹಂಚುವ ಹುಡುಗನೊಬ್ಬನ ಮಾತಿನಿಂದ. ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿರುವ ಈ ಊರು ಈಗ ಕೈಗಾರಿಕಾ ಪ್ರದೇಶ. ರೇಷ್ಮೆ, ಟೊಮೆಟೊ, ಹಾಲಿನ ಡೈರಿಗಳ ಊರಿಗೆ ಕಾರ್ಖಾನೆಗಳು ಬಂದವು, ಬಾಡಿಗೆ ರೂಮುಗಳು ಬಂದವು, ಅವುಗಳ ಹಿಂದೆಯೇ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಬೈಕುಗಳೂ ಬಂದವು. ಆ ಹುಡುಗ ಕೆಲಸ ಮಾಡುವ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತ್ತು. ಅವನು ಹೇಳಿದ್ದು ಇಷ್ಟೇ: "ನಮ್ದೂ ಅವ್ರದೂ ಒಂದೇ ರೂಟು ಸಾರ್. ಒಂದು ರೂಟಿಗೆ ಇಬ್ರನ್ನ ಯಾರು ಇಟ್ಕೊತಾರೆ?"

ವಿಲೀನದ ಅರ್ಥಶಾಸ್ತ್ರವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. 1889ರಲ್ಲೂ ಇದ್ದದ್ದು ಇದೇ ಲೆಕ್ಕ. ಒಂದೇ ಸೀಮೆಯಲ್ಲಿ ಎರಡು ಟಪಾಲು ಓಡುತ್ತಿದ್ದವು.

ಮೊದಲನೆಯದು ಅಂಚೆ. ಇದರ ಆರಂಭವನ್ನು ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ಅಂದರೆ 17ನೇ ಶತಮಾನದ ಕೊನೆಯ ಭಾಗಕ್ಕೆ ಒಯ್ಯುತ್ತಾರೆ. ಒಡೆಯರು ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ, ಅಂದರೆ 'ಅಠಾರ ಕಚೇರಿ'ಯಾಗಿ ವಿಂಗಡಿಸಿದರಲ್ಲ, ಅದರಲ್ಲಿ ಅಂಚೆಯದೂ ಒಂದು ಕಚೇರಿ. ಅದರ ಕೆಲಸ ಎರಡು ಬಗೆಯದು. ಸರ್ಕಾರದ ಕಾಗದವನ್ನು ಊರಿಂದೂರಿಗೆ ಮುಟ್ಟಿಸುವುದು ಒಂದು. ಆಯಾ ಊರಿನ ಗುಟ್ಟಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದು ಇನ್ನೊಂದು. ಕರ್ನಲ್ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ (ಮೊದಲ ಸಂಪುಟ ಬಂದದ್ದು 1810ರಲ್ಲಿ) ಈ ಎರಡನೆಯ ಕೆಲಸದ ಮೇಲೆಯೇ ಹೆಚ್ಚು ಒತ್ತು ಹಾಕಿದ್ದಾನೆ. ಅಂಚೆಯವನು ಬಂದನೆಂದರೆ ಊರಿನ ಶಾನುಭೋಗನಿಗೆ ಸ್ವಲ್ಪ ಮೈ ಬಿಸಿಯಾಗುತ್ತಿದ್ದಿರಬೇಕು.

ಹಳಗನ್ನಡದಲ್ಲಿ 'ಅಂಚೆ' ಎಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ ಹಕ್ಕಿಯ ಹೆಸರೇ ಟಪಾಲಿಗೂ ಬಂತು ಎಂದು ಹೇಳುವವರುಂಟು. ಚೆಂದದ ವಿವರಣೆ. ಆದರೆ ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಆ ಚೀಲ ಹೊತ್ತು ಓಡುತ್ತಿದ್ದವನ ಹೆಸರು: ಹರಿಕಾರ. ಪಾರಸಿಯ 'ಹರ್ಕಾರ'ದಿಂದ ಬಂದದ್ದು. 'ಹರ್' ಎಂದರೆ ಪ್ರತಿಯೊಂದು, 'ಕಾರ್' ಎಂದರೆ ಕೆಲಸ. ಎಲ್ಲ ಕೆಲಸವನ್ನೂ ಮಾಡುವವನು ಹರ್ಕಾರ. ಇವತ್ತು ನಾವು 'ಕ್ರಾಂತಿಯ ಹರಿಕಾರ', 'ಸುಧಾರಣೆಯ ಹರಿಕಾರ' ಎಂದು ದೊಡ್ಡವರಿಗೆ ಬಿರುದು ಕೊಡುತ್ತೇವೆ. ಮೂಲದ ಹರಿಕಾರ ಬೆವರು ಸುರಿಸಿ ಓಡುತ್ತಿದ್ದ ಕೂಲಿಯಾಳು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಹೆಗಲಲ್ಲಿ ಚೀಲ. ಐದಾರು ಮೈಲಿ ಓಡಿ, ಮುಂದಿನ ಕಟ್ಟೆಯಲ್ಲಿ ಕಾದಿರುವವನ ಹೆಗಲಿಗೆ ಚೀಲ ದಾಟಿಸಿ, ಅಲ್ಲಿಂದ ಬರುವ ಚೀಲ ಹೊತ್ತು ವಾಪಸಾಗುವುದು. ಪದಕ್ಕೆ ಬಡ್ತಿ ಸಿಕ್ಕಿತು, ಆಳಿಗೆ ಸಿಗಲಿಲ್ಲ.

ಎರಡನೆಯ ಟಪಾಲು ಇಂಗ್ಲಿಷರದು. ಮದರಾಸಿನಿಂದ ಬೆಂಗಳೂರಿನ ದಂಡಿಗೆ ಬರುವ ಹಳೆಯ ದಾರಿ ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮೇಲೆಯೇ ಹಾಯುತ್ತದೆ. 1864ರಲ್ಲಿ ಮದರಾಸಿನ ರೈಲು ಬೌರಿಂಗ್‌ಪೇಟೆ, ಮಾಲೂರುಗಳ ಮೇಲೆ ಬೆಂಗಳೂರಿಗೆ ಬಂದಾಗ ದೂರದ ಟಪಾಲು ಮನುಷ್ಯನ ಕಾಲಿನಿಂದ ಗಾಲಿಗೆ ಹೋಯಿತು. ಸ್ಟೇಷನ್ನಿನಿಂದ ಆಚೆಗಿನ ಹಳ್ಳಿಗಳಿಗೆ ಮಾತ್ರ ಕಾಲೇ ಗತಿ. ವೇಮಗಲ್ಲಿನಂಥ ಊರು ಇದ್ದದ್ದು ಈ 'ಆಚೆ'ಯಲ್ಲಿ. ಇವತ್ತಿನ ಕಂಪನಿಗಳು 'ಲಾಸ್ಟ್ ಮೈಲ್' ಎನ್ನುವುದು ಇದನ್ನೇ. ರೈಲು, ಲಾರಿ, ವಿಮಾನ ಯಾವುದೇ ಬಂದರೂ ಕೊನೆಯ ಮೈಲಿ ಮನುಷ್ಯನಿಗೇ ಉಳಿಯುತ್ತದೆ. ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು ಕಣ್ಣು ಬೀಳುವುದೂ ಅವನ ಮೇಲೆಯೇ.

ಇಂಗ್ಲಿಷರ ಪೋಸ್ಟಿಗೆ ಇದ್ದ ಬಲ ದರ. 1854ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ದರ ಬಂತು. ಹಗುರವಾದ ಕಾಗದಕ್ಕೆ ಅರ್ಧ ಆಣೆ, ದೂರ ಎಷ್ಟಾದರೂ ಆಗಲಿ. 1877ರಲ್ಲಿ ವಿ.ಪಿ.ಪಿ. ಶುರುವಾಯಿತು. ವಿ.ಪಿ.ಯಲ್ಲಿ ಪುಸ್ತಕ ತರಿಸಿಕೊಂಡ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ. ಮಿಕ್ಕವರಿಗೆ, ಇದೇ ಕ್ಯಾಷ್ ಆನ್ ಡೆಲಿವರಿಯ ಮುತ್ತಜ್ಜ. 1879ರಲ್ಲಿ ಕಾಲಾಣೆಯ ಕಾರ್ಡು, ಮರುವರ್ಷವೇ ಮನಿಯಾರ್ಡರು. ಇಷ್ಟೆಲ್ಲ ಇರುವ ಪೋಸ್ಟಿನ ಎದುರಿಗೆ ಸಂಸ್ಥಾನದ ಗಡಿಯೊಳಗೇ ಸುತ್ತುವ ಅಂಚೆ ಎಷ್ಟು ದಿನ ನಿಂತೀತು? 1881ರಲ್ಲಿ ರಾಜ್ಯವೇನೋ ಒಡೆಯರಿಗೆ ಮರಳಿ ಬಂತು. ಎಂಟು ವರ್ಷಕ್ಕೆ ಅಂಚೆ ಹೋಯಿತು. ಮುಳಬಾಗಿಲಿನಲ್ಲಿ ಆಗ ಡಿವಿಜಿ ಎರಡು ವರ್ಷದ ಮಗು. ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿಯವರು ಹುಟ್ಟಲು ಇನ್ನೂ ಎರಡು ವರ್ಷವಿತ್ತು. ನಮ್ಮ ಜಿಲ್ಲೆಯ ಈ ಇಬ್ಬರು ದೊಡ್ಡ ಲೇಖಕರು ಬರೆಯುವ ಹೊತ್ತಿಗೆ ಎರಡು ಟಪಾಲಿನ ಕಾಲ ಮುಗಿದುಹೋಗಿತ್ತು.

ಈ ವಿಲೀನದಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಕೊಂಡವನ ಹೆಸರು ಉಳಿಯುತ್ತದೆ, ಕೊಳ್ಳಲ್ಪಟ್ಟವನ ಬೋರ್ಡು ಇಳಿಯುತ್ತದೆ. ಇಲ್ಲಿ ಉಲ್ಟಾ. ದೆಹಲಿಯ ಇಲಾಖೆ ಹಿಂದಿಯಲ್ಲಿ 'ಡಾಕ್', ನಮ್ಮ ಪಕ್ಕದ ಚಿತ್ತೂರಿನ ಕಡೆಯ ತೆಲುಗಿನಲ್ಲಿ 'ತಪಾಲ'. ಕನ್ನಡದಲ್ಲಿ ಮಾತ್ರ ಭಾರತೀಯ ಅಂಚೆ ಇಲಾಖೆ, ಅಂಚೆ ಕಚೇರಿ, ಅಂಚೆ ಚೀಟಿ, ಅಂಚೆಯಣ್ಣ. ಸೋತ ಇಲಾಖೆಯ ಹೆಸರನ್ನು ಗೆದ್ದ ಇಲಾಖೆ ಹೊತ್ತು ತಿರುಗುತ್ತಿದೆ. ಹೆಸರು ಉಳಿದ ಮಾತ್ರಕ್ಕೆ ಕೆಲಸ ಉಳಿದಂತಲ್ಲ. ಮಾತುಕತೆ ನಡೆದದ್ದು ಸರ್ಕಾರ ಸರ್ಕಾರಗಳ ನಡುವೆ, ದಿವಾನರ ಕಚೇರಿಯ ಮಟ್ಟದಲ್ಲಿ. ಹರಿಕಾರ ಆ ಪತ್ರಗಳನ್ನು ಹೊತ್ತವನೇ ಹೊರತು ಅದರಲ್ಲಿ ಪಕ್ಷಗಾರನಲ್ಲ.

ಇಂಗ್ಲಿಷರ ಪೋಸ್ಟು ಹಳ್ಳಿಗೆ ಬರುವಾಗ ಒಂದು ಜಾಣತನ ಮಾಡಿತು. ಪೂರಾ ಸಂಬಳದ ನೌಕರನನ್ನು ಹಳ್ಳಿಗೆ ಕೊಟ್ಟರೆ ದುಬಾರಿ. ಆದ್ದರಿಂದ ಊರಿನ ಶಾಲೆ ಮೇಷ್ಟರಿಗೋ ಅಂಗಡಿಯವನಿಗೋ ದಿನಕ್ಕೆ ಕೆಲವು ಗಂಟೆಯ ಕೆಲಸ ಕೊಟ್ಟು, ಒಂದು ಸಣ್ಣ ಭತ್ಯೆ ಕೊಡುವುದು. ಮುಂದೆ ಇವರಿಗೆ 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್' ಎಂಬ ಹೆಸರು ನಿಂತಿತು. ಇಲಾಖೆಯ ಕೆಲಸ ಮಾಡುವವನು, ಆದರೆ ಇಲಾಖೆಯ ಹೊರಗಿನವನು. ಇವತ್ತಿನ ಆ್ಯಪ್ ಕಂಪನಿಗಳು 'ಡೆಲಿವರಿ ಪಾರ್ಟ್‌ನರ್' ಎಂಬ ಪದ ಕಟ್ಟಿ ಹೊಸದೇನನ್ನೋ ಕಂಡುಹಿಡಿದಂತೆ ಆಡುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ನೌಕರನಲ್ಲದ ನೌಕರನನ್ನು ಈ ದೇಶಕ್ಕೆ ಪರಿಚಯಿಸಿದ್ದು ಪೋಸ್ಟಾಫೀಸು.

ಈ 'ಹೊರಗಿನವ'ರ ವಿಚಾರ ಕೊನೆಗೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಿಚಾರಣೆಯಿಲ್ಲದೆ ಇವರನ್ನು ತೆಗೆದುಹಾಕಬಹುದೆ? 1977ರ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ನ್ಯಾಯಾಲಯ ಆಗದು ಎಂದಿತು. ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್ ಬಿಡಿ ಕೂಲಿಯವನಲ್ಲ, ಸರ್ಕಾರದ ಹತೋಟಿಯಲ್ಲಿರುವ ಒಂದು ಹುದ್ದೆಯಲ್ಲಿ ಇರುವವನು. ಸಂವಿಧಾನದ 311ನೇ ವಿಧಿಯ ರಕ್ಷಣೆ ಅವನಿಗೂ ಉಂಟು. ನೆನಪಿಡಬೇಕಾದ ತೀರ್ಪು. ಹಾಗೆಂದು ಸಂಬಳದ ಜಗಳ ಮುಗಿಯಲಿಲ್ಲ. ಗ್ರಾಮೀಣ ಡಾಕ್ ಸೇವಕರೆಂದು ಹೆಸರು ಬದಲಾದ ಮೇಲೂ, 2018ರ ಮೇ 22ರಿಂದ ಇವರು ದೇಶದಾದ್ಯಂತ ಮುಷ್ಕರ ಕೂತರು. ಎರಡು ವಾರ ಹಳ್ಳಿಗಳಲ್ಲಿ ಚೀಲ ಬಿಚ್ಚಲಿಲ್ಲ. ಆಮೇಲೆ ಕಮಲೇಶ್ ಚಂದ್ರ ಸಮಿತಿಯ ವರದಿ ಜಾರಿಯಾಗಿ, ನಾಲ್ಕು ಗಂಟೆ ಕೆಲಸದ ಸೇವಕರ ಆರಂಭದ ಭತ್ಯೆ ತಿಂಗಳಿಗೆ 10,000 ರೂಪಾಯಿಗೆ, ಶಾಖಾ ಪೋಸ್ಟ್‌ಮಾಸ್ಟರರದು 12,000ಕ್ಕೆ ಬಂತು.

ವಿಲೀನದ ಮಾತಿಗೆ ಮರಳೋಣ. ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಸುತ್ತು ನಡೆಯಿತು. ನಿಜಾಮರ ಹೈದರಾಬಾದಿಗೆ ತನ್ನದೇ ಟಪಾಲು ಇತ್ತು. ಬೀದರ್, ಕಲಬುರಗಿ, ರಾಯಚೂರಿನ ಜನ ಕಾಗದ ಹಾಕುತ್ತಿದ್ದದ್ದು ಅದರಲ್ಲಿ. ಅದು 1950ರ ಏಪ್ರಿಲ್ 1ರಂದು ಕೇಂದ್ರದ ಇಲಾಖೆಗೆ ಸೇರಿತು. ನಮ್ಮ ಅಂಚೆಯ ದಾಯಾದಿಯಾದ ತಿರುವಾಂಕೂರು–ಕೊಚ್ಚಿಯ 'ಅಂಚಲ್' ಮರುವರ್ಷ ಅದೇ ತಾರೀಖಿನಂದು ಸೇರಿತು.  ಆಸ್ತಿ, ಸಾಲಗಳ ಜೊತೆ ನೌಕರರೂ ಕೇಂದ್ರಕ್ಕೆ ಹೋದರು. ಯಾರು ಹಿರಿಯ, ಯಾರು ಕಿರಿಯ, ಯಾರಿಗೆ ಯಾವ ಶ್ರೇಣಿ ಎಂಬ ವ್ಯಾಜ್ಯಗಳು ಇಂಥ ವಿಲೀನಗಳ ಬೆನ್ನಿಗೆ ಬಂದೇ ಬರುತ್ತವೆ. ಆದರೆ ಅವು ಒಳಗೆ ಬಂದವರ ಜಗಳ.

ಖಾಸಗಿಯವರ ಪಾಲಿಗೆ ಕಾನೂನು ಬರಲು ಒಂದು ರೈಲು ಕಂಪನಿ ಕಾರಣವಾಯಿತು. ಬಾರ್ಸಿ ಲೈಟ್ ರೈಲ್ವೆಯನ್ನು ಸರ್ಕಾರ ವಹಿಸಿಕೊಂಡಾಗ, ಹಳೆಯ ಕಂಪನಿ ತಮಗೆ ಪರಿಹಾರ ಕೊಡಬೇಕೇ ಬೇಡವೇ ಎಂದು ಕೆಲಸಗಾರರು ಕೇಳಿದರು. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಡ ಎಂದಿತು: ಉದ್ಯಮವೇ ಕೈ ಬದಲಾದರೆ ಅದು ಕಾಯ್ದೆಯ ಅರ್ಥದಲ್ಲಿ 'ರಿಟ್ರೆಂಚ್‌ಮೆಂಟ್' ಅಲ್ಲ. ಸಂಸತ್ತು ಸುಮ್ಮನಿರಲಿಲ್ಲ. 1957ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಎಂಬ ಕಲಮಿಗೆ ಹೊಸ ರೂಪ ಬಂತು. ಉದ್ಯಮ ಒಬ್ಬರಿಂದ ಒಬ್ಬರಿಗೆ ಹೋದಾಗ, ಹೊಸ ಧಣಿ ಸೇವೆಗೆ ತಡೆ ಬಾರದಂತೆ, ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ, ಹಳೆಯ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು ಕೆಲಸಗಾರನನ್ನು ಮುಂದುವರಿಸಬೇಕು. ಇಲ್ಲವಾದರೆ ಅವನಿಗೆ ನೋಟಿಸು ಮತ್ತು ಪರಿಹಾರ. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಈ ತತ್ವ ಉಳಿದುಕೊಂಡಿದೆ.

ಅಂದರೆ ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿ 1957ರಿಂದ ಬರೆದಿಟ್ಟದ್ದೇ ಇದೆ. ಆದರೆ ಅದು 'ಕಾರ್ಮಿಕ'ನಿಗೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರನಿಗೆ ಕೊಟ್ಟ ವ್ಯಾಖ್ಯೆಯೇ, ಸಾಂಪ್ರದಾಯಿಕ ಧಣಿ–ನೌಕರ ಸಂಬಂಧದ ಹೊರಗೆ ದುಡಿಯುವವನು ಎಂದು. ಮತ್ತೆ ಅದೇ ಹಳೆಯ 'ಎಕ್ಸ್‌ಟ್ರಾ'.

2020ರ ಜನವರಿಯಲ್ಲಿ ಝೊಮ್ಯಾಟೊ, ಊಬರ್ ಈಟ್ಸ್‌ನ ಭಾರತದ ವ್ಯವಹಾರವನ್ನು ಕೊಂಡಿತು. ಬೆಲೆ ಶೇರಿನ ರೂಪದಲ್ಲಿ, ಊಬರ್‌ಗೆ ಶೇ. 9.99ರ ಪಾಲು. ಆ ದಿನದ ಪ್ರಕಟಣೆಯಲ್ಲಿ ಹೋಟೆಲುಗಳು, ಡೆಲಿವರಿ ಪಾರ್ಟ್‌ನರುಗಳು, ಗಿರಾಕಿಗಳು, ಎಲ್ಲರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಇವರನ್ನು ಝೊಮ್ಯಾಟೊ ಆ್ಯಪಿಗೆ ತಿರುಗಿಸಲಾಗುವುದು ಎಂದಿತ್ತು. ನೀರಿನ ಕಾಲುವೆ ತಿರುಗಿಸಿದ ಹಾಗೆ. ಕೆಲಸ ಹೋಯಿತೆಂದು ಹೇಳುವಂತಿಲ್ಲ, ಉಳಿಯಿತೆಂದು ಹೇಳುವಂತೆಯೂ ಇಲ್ಲ. ಹಳೆಯ ಆ್ಯಪಿನಲ್ಲಿ ಎರಡು ವರ್ಷ ಓಡಿ ಗಳಿಸಿದ ರೇಟಿಂಗ್ ಹೊಸದರಲ್ಲಿ ಯಾವ ಲೆಕ್ಕಕ್ಕೆ? 2025ರ ಏಪ್ರಿಲ್‌ನಲ್ಲಿ ಡೆಲ್ಲಿವರಿ ಕಂಪನಿ, ಈಕಾಂ ಎಕ್ಸ್‌ಪ್ರೆಸ್ಸನ್ನು ಸುಮಾರು 1,400 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಹೇಳಿತು. ಎರಡೂ ಪಾರ್ಸೆಲ್ ಕಂಪನಿಗಳು; ಎರಡರ ಚೀಲವೂ ಹಾಯುವ ಊರುಗಳು ಬಹಳ. ಶೇರುಪೇಟೆಯ ಭಾಷೆಯಲ್ಲಿ ಇದಕ್ಕೆ 'ಸಿನರ್ಜಿ' ಎನ್ನುತ್ತಾರೆ. ವೇಮಗಲ್ಲಿನ ಭಾಷೆಯಲ್ಲಿ, ಒಂದು ರೂಟಿಗೆ ಇಬ್ಬರು ಯಾಕೆ.

ಸರ್ಕಾರದ ಅಂಚೆಯೂ ಇದರಿಂದ ಹೊರತಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಇನ್ನೊಂದು ತಮಾಷೆಯೆಂದರೆ, ಈ ಎಲ್ಲ ಖಾಸಗಿ ಕಂಪನಿಗಳ ಗೋದಾಮುಗಳೂ ಪಾರ್ಸೆಲ್ ವಿಂಗಡಿಸಲು ನೋಡುವುದು ಅಂಚೆ ಇಲಾಖೆ 1972ರಲ್ಲಿ ತಂದ ಪಿನ್ ಕೋಡನ್ನು. ಕೋಲಾರ 563101, ಮಾಲೂರು 563130, ಮುಳಬಾಗಿಲು 563131, ಶ್ರೀನಿವಾಸಪುರ 563135. ಊರಿನ ಅಂಕಿ ಸರ್ಕಾರದ್ದು, ಬೈಕು ಪೆಟ್ರೋಲು ಹುಡುಗನದು, ಲಾಭ ಮೂರನೆಯವರದು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆಯನ್ನು ತಂದಿದೆ. ಪ್ರತಿ ಕೆಲಸದ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಯಿಂದ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ, ಕೆಲಸದಿಂದ ತೆಗೆಯುವ ಮುನ್ನ ಬರಹದಲ್ಲಿ ಕಾರಣ ಮತ್ತು ಹದಿನಾಲ್ಕು ದಿನದ ನೋಟಿಸು. ನನಗೆ ಇದರಲ್ಲಿ ಮುಖ್ಯವೆನಿಸುವುದು ಇನ್ನೊಂದು ಅಂಶ: ನೋಂದಾಯಿತ ಕಾರ್ಮಿಕನಿಗೆ ಸಿಗುವ ಗುರುತಿನ ಸಂಖ್ಯೆ ಎಲ್ಲ ಕಂಪನಿಗಳಿಗೂ ಒಂದೇ. ಕಂಪನಿ ಮಾರಾಟವಾದರೂ ಆ ಸಂಖ್ಯೆ ಅವನ ಜೊತೆಗೇ ಹೋಗುತ್ತದೆ. ಹಳೆಯ ಕಂಪನಿಯಲ್ಲಿ ಕಳೆದ ವರ್ಷಗಳನ್ನು ಹೊಸಬರು ಲೆಕ್ಕಕ್ಕೆ ಹಿಡಿಯಲೇಬೇಕೆಂಬ 1957ರ ಆ ಮಾತು ಮಾತ್ರ ಅವನ ಚೀಲಕ್ಕೆ ಇನ್ನೂ ಬಂದು ಬಿದ್ದಿಲ್ಲ.